ದುಡ್ಡು ಹೋಯಿತು ಸರಿ, ಅದು ವಂಚನೆಯಾ? ಠಾಣೆಯಲ್ಲಿ ‘ಸಿವಿಲ್ ಮ್ಯಾಟರ್’ ಎಂದರೆ ಏನು ಮಾಡಬೇಕು?

ಪ್ರಶ್ನೆ: ನಾನು ತುಮಕೂರಿನ ನಿವೃತ್ತ ಶಿಕ್ಷಕಿ. ಕೆಲವು ವರ್ಷಗಳಲ್ಲಿ ನಮ್ಮ ಮನೆಯ ದುಡ್ಡು ನಾಲ್ಕು ಕಡೆ ಹೋಗಿದೆ. ನಮ್ಮ ಬೀದಿಯ ಹೆಂಗಸೊಬ್ಬರು ನಡೆಸುತ್ತಿದ್ದ ಚೀಟಿಗೆ ಎರಡು ವರ್ಷ ಕಂತು ಕಟ್ಟಿದೆ. 2023ರಲ್ಲಿ ಅವರು ರಾತ್ರೋರಾತ್ರಿ ಮನೆ ಖಾಲಿ ಮಾಡಿಕೊಂಡು ಹೋದರು. ನಮ್ಮ ಯಜಮಾನರ ಅಕ್ಕನ ಮಗ ಅಂಗಡಿಗೆ ಬೇಕೆಂದು 3 ಲಕ್ಷ ಸಾಲ ತೆಗೆದುಕೊಂಡ. ಪ್ರೋನೋಟು ಬರೆದುಕೊಟ್ಟಿದ್ದಾನೆ, ದುಡ್ಡು ಮಾತ್ರ ಕೊಡುತ್ತಿಲ್ಲ. 2024ರ ಡಿಸೆಂಬರಿನಲ್ಲಿ ಒಂದು ಸೈಟು ಕೊಂಡೆವು. ಈಗ ಬ್ಯಾಂಕಿನಿಂದ ನೋಟಿಸು ಬಂದಿದೆ. ಮಾರಿದವರು ಅದನ್ನು ಮೊದಲೇ ಅಡ ಇಟ್ಟಿದ್ದರಂತೆ. ಹೋದ ತಿಂಗಳು ಮಗನಿಗೆ ಪೊಲೀಸರೆಂದು ಫೋನ್ ಮಾಡಿ ಹೆದರಿಸಿ 1.8 ಲಕ್ಷ ಹಾಕಿಸಿಕೊಂಡರು. ಠಾಣೆಗೆ ಹೋದರೆ ಸಾಲವೂ ಸೈಟೂ ‘ಸಿವಿಲ್ ಮ್ಯಾಟರ್’ ಎಂದು ವಾಪಸ್ ಕಳಿಸಿದರು. ಹಾಗಾದರೆ ವಂಚನೆ ಎಂದರೆ ಯಾವುದು? ನಮಗೆ ಎಲ್ಲವೂ ಒಂದೇ ಥರ ಮೋಸವಾಗಿಯೇ ಕಾಣುತ್ತಿದೆ.

ಉತ್ತರ: ಮೇಡಂ, ಜೀವಮಾನ ಪೂರ್ತಿ ಉಳಿಸಿದ ದುಡ್ಡು ಹೋದಾಗ ಅದಕ್ಕೆ ಕಾನೂನು ಏನು ಹೆಸರಿಟ್ಟಿದೆ ಅನ್ನೋದು ಯಾರಿಗೂ ದೊಡ್ಡದಾಗಿ ಕಾಣುವುದಿಲ್ಲ. ಆದರೆ ದುಡ್ಡು ವಾಪಸ್ ಬರುವ ದಾರಿ ಆ ಹೆಸರಿನ ಮೇಲೇ ನಿಂತಿದೆ. ಸಿವಿಲ್ ಕೋರ್ಟಿಗೆ ಹೋಗಬೇಕಾದವರು ಠಾಣೆಗೆ ಅಲೆದು ವರ್ಷಗಳನ್ನು ಕಳೆಯುತ್ತಾರೆ. ಅಷ್ಟರಲ್ಲಿ ದಾವೆ ಹಾಕುವ ಗಡುವೇ ಮುಗಿದಿರುತ್ತದೆ. ಠಾಣೆಯಲ್ಲಿ ಗಟ್ಟಿಯಾಗಿ ನಿಲ್ಲಬೇಕಾದವರು ‘ಸಿವಿಲ್’ ಅನ್ನೋ ಒಂದು ಮಾತಿಗೆ ಸುಮ್ಮನಾಗಿ ಮನೆಗೆ ಬರುತ್ತಾರೆ. ನಿಮ್ಮ ವಿಷಯದಲ್ಲಿ ಈ ಎರಡೂ ಆಗಿದೆ. ಸಾಲದ ಬಗ್ಗೆ ಠಾಣೆಯವರು ಹೇಳಿದ್ದು ಬಹುಮಟ್ಟಿಗೆ ಸರಿ. ಸೈಟಿನ ಬಗ್ಗೆ ಹೇಳಿದ್ದು ಸರಿಯಲ್ಲ.

ಎಷ್ಟು ದುಡ್ಡು ಹೋಯಿತು ಎಂದು ಕಾನೂನು ಮೊದಲು ಕೇಳುವುದಿಲ್ಲ. ಸುಳ್ಳು ಯಾವಾಗ ಬಂತು ಎಂದು ಕೇಳುತ್ತದೆ. ದುಡ್ಡು ನಿಮ್ಮ ಕೈ ಬಿಡುವ ಮೊದಲೇ ಎದುರಿನವರು ಸುಳ್ಳು ಹೇಳಿದ್ದರಾ? ಅದು ಸುಳ್ಳೆಂದು ಅವರಿಗೆ ಗೊತ್ತಿತ್ತಾ? ಆ ಸುಳ್ಳನ್ನು ನಂಬಿದ್ದಕ್ಕೇ ನೀವು ದುಡ್ಡು ಕೊಟ್ಟಿರಾ? ಮೂರಕ್ಕೂ ಹೌದು ಎಂದಾದರೆ ಅದು ವಂಚನೆ. ಕೊಡುವಾಗ ಎಲ್ಲ ಸರಿಯಿದ್ದು, ಆಮೇಲೆ ಮನಸ್ಸು ಕೆಟ್ಟಿತು ಅಥವಾ ಕೈ ಬರಿದಾಯಿತು ಎಂದಾದರೆ ಅದಕ್ಕೆ ಬೇರೆ ಹೆಸರು, ಬೇರೆ ದಾರಿ.

1872ರ ಭಾರತೀಯ ಕರಾರು ಕಾಯ್ದೆಯ 17ನೇ ಸೆಕ್ಷನ್ ವಂಚನೆ ಎಂದರೇನು ಎಂದು ಬಿಡಿಸಿ ಹೇಳುತ್ತದೆ. ನಿಜವಲ್ಲ ಎಂದು ಗೊತ್ತಿದ್ದೂ ನಿಜ ಎಂದು ಹೇಳುವುದು ವಂಚನೆ. ಗೊತ್ತಿರುವ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದೂ ವಂಚನೆ. ನಡೆಸಿಕೊಡುವ ಮನಸ್ಸೇ ಇಲ್ಲದೆ ಮಾತು ಕೊಡುವುದೂ ಅಷ್ಟೇ. ಇವಲ್ಲದೆ ಮೋಸಗೊಳಿಸುವಂಥ ಯಾವುದೇ ಕೆಲಸ, ಮತ್ತು ಬೇರೆ ಕಾನೂನುಗಳು ವಂಚನೆ ಎಂದೇ ಹೆಸರಿಸಿರುವ ಕೆಲಸಗಳು. ಒಂದೂವರೆ ಶತಮಾನ ದಾಟಿದ ಈ ಸಾಲುಗಳು ಇವತ್ತಿನ ಮೊಬೈಲ್ ಮೋಸಕ್ಕೂ ಹಾಗೇ ಹೊಂದುತ್ತವೆ. ಮೋಸದ ಸಾಧನ ಬದಲಾಗಿದೆ, ಮನುಷ್ಯನ ಮನಸ್ಸಿನಲ್ಲಿ ನಡೆಯುವುದು ಬದಲಾಗಿಲ್ಲ.

ಆಡಿದ ಸುಳ್ಳನ್ನು ಗುರುತಿಸುವುದು ಸುಲಭ. ಸುಮ್ಮನಿದ್ದರೆ ಅದೂ ವಂಚನೆಯಾ ಅನ್ನೋದು ಕಷ್ಟದ ಪ್ರಶ್ನೆ. ಅದೇ ಸೆಕ್ಷನ್ನಿನ ಕೆಳಗೆ ಒಂದು ಕುದುರೆಯ ಉದಾಹರಣೆ ಇದೆ. ಒಬ್ಬ ತನ್ನ ಕುದುರೆಯನ್ನು ಹರಾಜಿಗೆ ಇಡುತ್ತಾನೆ. ಅದಕ್ಕೆ ದೋಷವಿದೆ ಎಂದು ಅವನಿಗೆ ಗೊತ್ತು, ಆದರೆ ಏನೂ ಹೇಳುವುದಿಲ್ಲ. ಕಾನೂನಿನ ಪ್ರಕಾರ ಇದು ವಂಚನೆಯಲ್ಲ. ಕೊಳ್ಳುವವನು ನೋಡಿಕೊಂಡು ಕೊಳ್ಳಬೇಕು. ಆದರೆ ಕೊಳ್ಳುವವಳು ಅವನ ಮಗಳೇ ಆಗಿ, ಆಗಷ್ಟೇ ಪ್ರಾಯಕ್ಕೆ ಬಂದವಳಾದರೆ ಅವನು ಹೇಳಲೇಬೇಕು. ಅಲ್ಲಿ ನಂಬಿಕೆಯ ಸಂಬಂಧ ಇದೆ. ಕೊಳ್ಳುವವನು ‘ನೀನು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂತಲೇ ಅಂದುಕೊಳ್ತೀನಿ’ ಎಂದು ಕೇಳಿ, ಮಾರುವವನು ಆಗಲೂ ಬಾಯಿ ಬಿಡದಿದ್ದರೆ, ಆ ಮೌನ ಮಾತಿಗೆ ಸಮ. ಈ ಕೊನೆಯ ಸಾಲನ್ನು ನೀವು ನೆನಪಿಡಬೇಕು. ಏನೇ ಕೊಳ್ಳುವಾಗಲೂ ನೇರವಾಗಿ ಪ್ರಶ್ನೆ ಕೇಳಿ, ಆದಷ್ಟೂ ಬರಹದಲ್ಲಿ ಕೇಳಿ. ಒಂದು ವಾಟ್ಸಾಪ್ ಮೆಸೇಜ್ ಆದರೂ ಸಾಕು. ಆಮೇಲೆ ಅವರ ಮೌನಕ್ಕೂ ಅವರೇ ಉತ್ತರ ಕೊಡಬೇಕಾಗುತ್ತದೆ.

ಈಗ ನಿಮ್ಮ ಸೈಟಿಗೆ ಬರೋಣ. ಜಮೀನು, ಸೈಟು, ಮನೆ ಮಾರುವವರಿಗೆ ಕುದುರೆ ಮಾರುವವನಿಗಿದ್ದ ಸ್ವಾತಂತ್ರ್ಯ ಇಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಸ್ಪಷ್ಟವಾಗಿದೆ. ಆಸ್ತಿಯಲ್ಲಿ ಅಥವಾ ತನ್ನ ಹಕ್ಕಿನಲ್ಲಿ ಮುಖ್ಯವಾದ ದೋಷ ಇದ್ದು, ಅದು ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ತಿಳಿಯದಂಥದ್ದಾದರೆ, ಮಾರುವವನು ಅದನ್ನು ಹೇಳಬೇಕು. ಹೇಳದಿದ್ದರೆ ಅದು ವಂಚನೆ ಎಂದು ಅದೇ ಸೆಕ್ಷನ್ನಿನ ಕೊನೆಯಲ್ಲಿ ಬರೆದಿದೆ.

ಇಷ್ಟೇ ಅಲ್ಲ, ನಿಮ್ಮ ಹತ್ತಿರ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇದೆ. ಕ್ರಯಪತ್ರ ತೆಗೆದು ಚೆಕ್ಕುಬಂದಿಯ ವಿವರಕ್ಕೆ ಮುಂಚಿನ ಪುಟ ಓದಿ. ನಮ್ಮ ಕಡೆ ಬರೆಯುವ ಬಹುತೇಕ ಎಲ್ಲ ಕ್ರಯಪತ್ರಗಳಲ್ಲೂ ಒಂದು ಸಾಲು ಇರುತ್ತದೆ. ಸದರಿ ಸ್ವತ್ತಿನ ಮೇಲೆ ಯಾವುದೇ ಸಾಲ, ಅಡಮಾನ, ಜಪ್ತಿ, ಕೋರ್ಟು ತಗಾದೆ ಇರುವುದಿಲ್ಲ, ಮುಂದೆ ಕಂಡುಬಂದಲ್ಲಿ ನನ್ನ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ, ಅನ್ನೋ ಧಾಟಿಯಲ್ಲಿ. ಓದಿ ಓದಿ ರೂಢಿಯಾಗಿ ಯಾರೂ ಇದಕ್ಕೆ ಗಮನ ಕೊಡುವುದಿಲ್ಲ. ನಿಮ್ಮ ಪತ್ರದಲ್ಲಿ ಇದಿದ್ದರೆ, ಅಡ ಇಟ್ಟಿದ್ದು ಗೊತ್ತಿದ್ದೂ ಅವರು ಸಹಿ ಹಾಕಿದ ಬರಹದ ಸುಳ್ಳು ಇದು. ಸಬ್ ರಿಜಿಸ್ಟ್ರಾರ್ ಎದುರು ಹೇಳಿದ್ದು. ಅದನ್ನು ನಂಬಿಯೇ ನೀವು ದುಡ್ಡು ಕೊಟ್ಟಿದ್ದು.

ಎದುರಿನ ವಕೀಲರು ಏನು ವಾದ ಮಾಡುತ್ತಾರೆ ಎಂದು ಈಗಲೇ ಹೇಳಿಬಿಡುತ್ತೇನೆ. ‘ಕೊಳ್ಳುವವರು ವಿಚಾರಿಸಬಹುದಿತ್ತಲ್ಲ, ಯಾಕೆ ವಿಚಾರಿಸಲಿಲ್ಲ?’ ಅನ್ನುತ್ತಾರೆ. ಕರಾರು ಕಾಯ್ದೆಯ 19ನೇ ಸೆಕ್ಷನ್ನಿನಲ್ಲಿ ಅಂಥ ಒಂದು ವಿನಾಯಿತಿ ಇದೆ. ಆದರೆ ಅದು ಗೊತ್ತಿಲ್ಲದೆ ಆಡಿದ ತಪ್ಪು ಮಾತಿಗೆ ಮತ್ತು ಮೌನದಿಂದಾದ ವಂಚನೆಗೆ ಮಾತ್ರ. ಬಾಯಿಬಿಟ್ಟು, ಸಹಿ ಹಾಕಿ ಹೇಳಿದ ಸುಳ್ಳಿಗೆ ಆ ರಕ್ಷಣೆ ಸಿಗುವುದಿಲ್ಲ. ಹಾಗಾಗಿ ನಿಮ್ಮ ದೂರಿನಲ್ಲಿ ‘ಅವರು ಹೇಳಲಿಲ್ಲ’ ಎಂದು ಬರೆಯಬೇಡಿ. ‘ಸಾಲ ಇಲ್ಲ ಎಂದು ಬರೆದು ಸಹಿ ಹಾಕಿಕೊಟ್ಟರು’ ಎಂದು ಬರೆಯಿರಿ.

ಇದು ಹೇಗೆ ನಡೆಯುತ್ತದೆ ಅನ್ನೋದು ಮುಂದೆ ಸೈಟು ಕೊಳ್ಳುವವರಿಗೂ ಗೊತ್ತಿರಲಿ. ಎಲ್ಲರೂ ಇಸಿ, ಅಂದರೆ ಋಣಭಾರ ಪತ್ರ ತೆಗೆಸುತ್ತಾರೆ. ಕಾವೇರಿ ತಂತ್ರಾಂಶದಲ್ಲಿ ನೋಂದಣಿಯಾದ ವ್ಯವಹಾರ ಇದ್ದರೆ ನಮೂನೆ 15 ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16. ಆದರೆ ಇಸಿ ತೋರಿಸುವುದು ನೋಂದಣಿಯಾದದ್ದನ್ನು ಮಾತ್ರ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಮಾಡುವ ಸಾಲ ಕೆಲವು ಸಲ ಅದರಲ್ಲಿ ಕಾಣುವುದೇ ಇಲ್ಲ. ಇದಕ್ಕೆ ಸೆರ್ಸಾಯ್ ಎಂಬ ಕೇಂದ್ರ ದಾಖಲೆ ಇದೆ. ಬ್ಯಾಂಕುಗಳು ಅಡ ಇಟ್ಟುಕೊಂಡ ಆಸ್ತಿಗಳ ವಿವರವನ್ನು ಅಲ್ಲಿ ದಾಖಲಿಸುತ್ತವೆ. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಅದಕ್ಕಿಂತ ಸರಳವಾದ ಪರೀಕ್ಷೆ ಎಂದರೆ, ಮೂಲ ಪತ್ರ ಕೈಗೆ ಕೊಡಿ ಎಂದು ಕೇಳುವುದು. ಕಲರ್ ಜೆರಾಕ್ಸ್ ತೋರಿಸಿ ‘ಒರಿಜಿನಲ್ ಊರಲ್ಲಿ ಅಣ್ಣನ ಹತ್ತಿರ ಇದೆ’ ಅಂದರೆ ಅಲ್ಲಿಗೇ ನಿಲ್ಲಿಸಿ. ಒರಿಜಿನಲ್ ಬಹಳ ಸಲ ಬ್ಯಾಂಕಿನ ಲಾಕರಿನಲ್ಲಿ ಇರುತ್ತದೆ.

ನಿಮಗೆ ಬಂದ ನೋಟಿಸನ್ನು ಮಾತ್ರ ಇವತ್ತೇ ವಕೀಲರಿಗೆ ತೋರಿಸಿ. ಅದು ಸರ್ಫೇಸಿ ಕಾಯ್ದೆಯ, ಅಂದರೆ ಬಾಕಿ ಸಾಲಕ್ಕೆ ಅಡ ಇಟ್ಟ ಆಸ್ತಿಯನ್ನು ಬ್ಯಾಂಕು ವಶಕ್ಕೆ ತೆಗೆದುಕೊಳ್ಳುವ ಕಾನೂನಿನ 13(2)ರ ನೋಟಿಸಾದರೆ ಸಾಲಗಾರರಿಗೆ 60 ದಿನದ ಅವಕಾಶ ಇರುತ್ತದೆ. 13(4)ರಡಿ ಸ್ವಾಧೀನದ ಕ್ರಮ ಆಗಿದ್ದರೆ, ಅದನ್ನು ಪ್ರಶ್ನಿಸಿ ಸಾಲ ವಸೂಲಾತಿ ನ್ಯಾಯಮಂಡಳಿಗೆ 45 ದಿನದೊಳಗೆ ಹೋಗಬೇಕು. ಬ್ಯಾಂಕಿನ ಅಡಮಾನ ನಿಮಗಿಂತ ಮೊದಲಿನದಾದರೆ ನಿಮ್ಮ ಕ್ರಯದಿಂದ ಅದು ಅಳಿಸಿಹೋಗುವುದಿಲ್ಲ. ಇದು ಕೇಳಲು ಕಹಿ, ಆದರೆ ತಿಳಿದಿರಬೇಕು. ಬ್ಯಾಂಕಿನ ಜೊತೆಗಿನ ಹೋರಾಟ ಬೇರೆ, ಮಾರಿದವರ ಮೇಲಿನ ಕೇಸು ಬೇರೆ. ಮಾರಿದವರ ಮೇಲೆ ಕ್ರಿಮಿನಲ್ ದೂರು ಕೊಟ್ಟು, ಪರಿಹಾರಕ್ಕೆ ಸಿವಿಲ್ ದಾವೆಯನ್ನೂ ಹಾಕಬಹುದು. ಒಂದು ಇದ್ದರೆ ಇನ್ನೊಂದು ಇರಬಾರದು ಎಂದು ಯಾವ ಕಾನೂನೂ ಹೇಳಿಲ್ಲ.

ಕ್ರಿಮಿನಲ್ ದೂರು ಯಾವುದರಡಿ ಅಂದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್. ಜನರ ಬಾಯಲ್ಲಿ ಇದ್ದ ‘ಫೋರ್ ಟ್ವೆಂಟಿ’ ಈಗ 318(4). ಶಿಕ್ಷೆ ಹಿಂದಿನ ಹಾಗೇ 7 ವರ್ಷದವರೆಗೆ, ಜೊತೆಗೆ ದಂಡ. ಸೈಟಿನ ಕ್ರಯ ಆ ದಿನದ ನಂತರದ್ದು, ಹಾಗಾಗಿ ಹೊಸ ಕಾನೂನು. ನಿಮ್ಮ ಚೀಟಿಯ ವ್ಯವಹಾರ ಅದಕ್ಕಿಂತ ಮುಂಚಿನದು, ಅದಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯ.

ಇನ್ನು ಅಕ್ಕನ ಮಗನ ಸಾಲ. ಅವನು ದುಡ್ಡು ತೆಗೆದುಕೊಳ್ಳುವಾಗ ಅಂಗಡಿ ನಿಜವಾಗಿ ಇತ್ತಾ? ಆ ದುಡ್ಡು ಅಂಗಡಿಗೆ ಹೋಯಿತಾ? ಆಮೇಲೆ ವ್ಯಾಪಾರ ನೆಲಕಚ್ಚಿತಾ? ಹಾಗಾಗಿದ್ದರೆ ಅವನು ಸಾಲಗಾರ, ವಂಚಕ ಅಲ್ಲ. ಕೊಟ್ಟ ಮಾತು ತಪ್ಪಿದ ಮಾತ್ರಕ್ಕೆ ಅದು ವಂಚನೆ ಆಗುವುದಿಲ್ಲ, ಮಾತು ಕೊಡುವ ಕ್ಷಣದಲ್ಲೇ ಮೋಸದ ಉದ್ದೇಶ ಇರಬೇಕು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಹೃದಯರಂಜನ್ ಪ್ರಸಾದ್ ವರ್ಮಾ ಪ್ರಕರಣದ 2000ನೇ ಇಸವಿಯ ತೀರ್ಪನ್ನು ವಕೀಲರು ಇವತ್ತಿಗೂ ಎತ್ತಿ ಹೇಳುವುದು ಇದೇ ಮಾತಿಗೆ. ಸಾಲ ತೀರಿಸಲಾಗದವರನ್ನೆಲ್ಲ ಪೊಲೀಸರು ಹಿಡಿದು ತರುವ ಹಾಗಿದ್ದರೆ ಬರಗಾಲದಲ್ಲಿ ಸೋತ ರೈತ, ನಷ್ಟವಾದ ಸಣ್ಣ ವ್ಯಾಪಾರಿ ಎಲ್ಲರೂ ಲಾಕಪ್ಪಿನಲ್ಲಿ ಇರಬೇಕಾಗುತ್ತಿತ್ತು. ಈ ಗೆರೆ ಇರುವುದು ಒಳ್ಳೆಯದಕ್ಕೇ.

ಆದರೆ ಅಂಗಡಿಯೇ ಇರಲಿಲ್ಲ, ಅಥವಾ ಅದು ಮುಚ್ಚಿದ ಮೇಲೆ ‘ಮಾಲು ಹಾಕಿಸಬೇಕು’ ಎಂದು ದುಡ್ಡು ತೆಗೆದುಕೊಂಡ, ಅದೇ ತಿಂಗಳು ಇನ್ನೂ ನಾಲ್ಕಾರು ನೆಂಟರ ಹತ್ತಿರ ಅದೇ ಕಥೆ ಹೇಳಿ ಎತ್ತಿದ್ದ, ಮೊದಲೇ ಮುಚ್ಚಿದ ಖಾತೆಯ ಚೆಕ್ಕು ಕೊಟ್ಟಿದ್ದ ಎಂದು ತಿಳಿದರೆ ಚಿತ್ರವೇ ಬೇರೆ. ಉದ್ದೇಶ ಯಾರ ಎದೆಯೊಳಗೂ ಕಾಣುವುದಿಲ್ಲ. ಇಂಥ ಸುತ್ತಲಿನ ಸಂಗತಿಗಳಿಂದಲೇ ಕೋರ್ಟು ಅದನ್ನು ಅಳೆಯುತ್ತದೆ.

ಅವೆಲ್ಲ ಇಲ್ಲದಿದ್ದರೆ ಠಾಣೆ ಬಿಡಿ. ಪ್ರೋನೋಟಿನ ತಾರೀಖಿನಿಂದ 3 ವರ್ಷದೊಳಗೆ ಸಿವಿಲ್ ದಾವೆ ಹಾಕಬೇಕು. ಪ್ರೋನೋಟಿನ ಮೇಲೆ ಬೇಗ ಮುಗಿಯುವ ಸಂಕ್ಷಿಪ್ತ ದಾವೆಗೂ ಅವಕಾಶ ಇದೆ. ಗಡುವು ಹತ್ತಿರ ಬಂದಿದ್ದರೆ, ಅದು ಮುಗಿಯುವ ಮೊದಲೇ ‘ಇಷ್ಟು ಸಾಲ ಬಾಕಿ ಇದೆ’ ಎಂದು ಅವನ ಸಹಿಯಲ್ಲಿ ಬರೆಸಿಕೊಳ್ಳಿ. ಆ ದಿನದಿಂದ ಗಡುವು ಮತ್ತೆ ಹೊಸದಾಗಿ ಶುರುವಾಗುತ್ತದೆ. ನೆಂಟಸ್ತಿಕೆ ಕೆಡುತ್ತದೆ ಎಂದು ಸುಮ್ಮನಿದ್ದು ಗಡುವು ಕಳೆದುಕೊಂಡವರನ್ನು ನಾನು ಜಾಸ್ತಿ ನೋಡಿದ್ದೇನೆ. ಅವರ ನೆಂಟಸ್ತಿಕೆಯೂ ಉಳಿದಿರಲಿಲ್ಲ. ಚೆಕ್ಕು ಇದ್ದು ಬೌನ್ಸ್ ಆದರೆ ಲೆಕ್ಕ ಬೇರೆ. ಬ್ಯಾಂಕಿನ ಮೆಮೊ ಸಿಕ್ಕ 30 ದಿನದೊಳಗೆ ನೋಟಿಸು, ನೋಟಿಸು ತಲುಪಿದ ಮೇಲೆ ಕೊಡಲು 15 ದಿನ, ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಿನ ಕೇಸು.

ಗೊತ್ತಿದ್ದೂ ಹೇಳಿದ ಸುಳ್ಳಿಗೂ ಪ್ರಾಮಾಣಿಕವಾಗಿ ನಂಬಿ ಹೇಳಿದ ತಪ್ಪು ಮಾತಿಗೂ ನಡುವೆ ಇನ್ನೊಂದು ಜಾಗ ಇದೆ. ನಿಜವೋ ಸುಳ್ಳೋ ತಲೆ ಕೆಡಿಸಿಕೊಳ್ಳದೆ ಹೇಳಿಬಿಡುವುದು. 1889ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಟ್ರಾಮ್ ಕಂಪನಿಯ ಕೇಸು ಬಂತು. ತಮಗೆ ಉಗಿಯಂತ್ರದ ಟ್ರಾಮ್ ಓಡಿಸುವ ಹಕ್ಕಿದೆ ಎಂದು ನಿರ್ದೇಶಕರು ಷೇರು ಮಾರುವ ಪತ್ರದಲ್ಲಿ ಬರೆದಿದ್ದರು. ಅದಕ್ಕೆ ಸರ್ಕಾರಿ ಮಂಡಳಿಯ ಒಪ್ಪಿಗೆ ಬೇಕಿತ್ತು, ಅದು ಸಿಗಲಿಲ್ಲ, ಕಂಪನಿ ಮುಳುಗಿತು. ಒಪ್ಪಿಗೆ ಸಿಕ್ಕೇ ಸಿಗುತ್ತದೆ ಎಂದು ಅವರು ನಿಜವಾಗಿ ನಂಬಿದ್ದರು ಅನ್ನೋ ಕಾರಣಕ್ಕೆ ಅದು ವಂಚನೆ ಅಲ್ಲ ಎಂದು ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಆದರೆ ನಿಜವೋ ಸುಳ್ಳೋ ಲೆಕ್ಕಿಸದೆ ಹೇಳಿದರೂ ವಂಚನೆಯೇ ಎಂದು ಅದೇ ತೀರ್ಪು ಸೇರಿಸಿತು. ‘ಲೇಔಟಿಗೆ ಅಪ್ರೂವಲ್ ಬಂದೇ ಬಿಡ್ತು, ನಾಳೆ ರಿಜಿಸ್ಟ್ರೇಷನ್’ ಎಂದು ಕಡತವನ್ನೇ ನೋಡದೆ ಅಡ್ವಾನ್ಸ್ ತೆಗೆದುಕೊಳ್ಳುವ ಬ್ರೋಕರುಗಳು ಈ ಜಾಗದಲ್ಲಿ ನಿಲ್ಲುತ್ತಾರೆ.

ಚೀಟಿಯ ವಿಷಯ ಸ್ವಲ್ಪ ಸಿಕ್ಕಾಗಿದೆ. ಬೀದಿಯ ಚೀಟಿ ನಮ್ಮ ಹೆಣ್ಣುಮಕ್ಕಳಿಗೆ ಬ್ಯಾಂಕಿಗಿಂತ ಹತ್ತಿರ. ಮಗಳ ಮದುವೆ, ಬಂಗಾರ, ಮನೆಯ ಮೇಲ್ಛಾವಣಿ ಎಲ್ಲ ಅದರಿಂದ ಆಗಿದೆ. ಅದನ್ನು ನಡೆಸುವವರೆಲ್ಲ ಕಳ್ಳರು ಅಂದರೆ ಅದು ಅನ್ಯಾಯ. ಆದರೆ 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ, ನೋಂದಣಿ ಇಲ್ಲದೆ ಚೀಟಿ ನಡೆಸುವಂತಿಲ್ಲ. ನಡೆಸುವವರು ಮೊದಲೇ ಭದ್ರತೆ ಇಡಬೇಕು. 2019ರ ತಿದ್ದುಪಡಿಯ ನಂತರ ಒಬ್ಬ ವ್ಯಕ್ತಿ ಒಟ್ಟು 3 ಲಕ್ಷದವರೆಗಿನ ಚೀಟಿ ಮಾತ್ರ ನಡೆಸಬಹುದು, ಕಮಿಷನ್ 7%ಗಿಂತ ಹೆಚ್ಚಿಗೆ ಇಲ್ಲ. ಬೀದಿಯ ಚೀಟಿಗಳಲ್ಲಿ ಇದ್ಯಾವುದೂ ಇರುವುದಿಲ್ಲ. ದುಡ್ಡು ಹೋದ ಮೇಲೆ ಹಿಡಿದುಕೊಳ್ಳಲು ಒಂದು ಆಧಾರ ಸಿಗದಿರುವುದು ಅದಕ್ಕೇ.

ಆಕೆ ವಂಚಕಿಯೇ ಎಂದು ತಿಳಿಯಲು ನೀವು ಒಂದು ಕೆಲಸ ಮಾಡಿ. ಚೀಟಿಯಲ್ಲಿದ್ದ ಎಲ್ಲರೂ ಒಂದು ಕಡೆ ಕೂತು ಸದಸ್ಯರ ಪಟ್ಟಿ ಬರೆಯಿರಿ. ಯಾವ ತಿಂಗಳು ಯಾರ ಹೆಸರಿಗೆ ಚೀಟಿ ಹೋಯಿತು ಎಂದು ಪಕ್ಕದಲ್ಲಿ ಬರೆಯಿರಿ. ಮೊದಲ ಕೆಲವು ಚೀಟಿಗಳನ್ನು ಎತ್ತಿದವರು ಯಾರು, ಅವರನ್ನು ನಿಮ್ಮಲ್ಲಿ ಯಾರಾದರೂ ಕಣ್ಣಾರೆ ನೋಡಿದ್ದೀರಾ? ಇಲ್ಲದ ಸದಸ್ಯರ ಹೆಸರಲ್ಲಿ ತಾವೇ ಚೀಟಿ ಎತ್ತಿಕೊಳ್ಳುವುದು ಈ ಮೋಸದ ಹಳೆಯ ರೀತಿ. ಪಟ್ಟಿಯಲ್ಲಿ ಅಂಥ ಹೆಸರು ಸಿಕ್ಕರೆ ಸುಳ್ಳು ಮೊದಲ ದಿನದಿಂದಲೇ ಇತ್ತು ಎಂದಾಯಿತು, ಅದು 420. ಸದಸ್ಯರೆಲ್ಲ ನಿಜ, ಚೀಟಿ ಸರಿಯಾಗಿಯೇ ನಡೆದಿತ್ತು, ಕೊನೆಗೆ ಕೈಯಲ್ಲಿದ್ದ ಎಲ್ಲರ ದುಡ್ಡನ್ನು ತನಗೆ ಬಳಸಿಕೊಂಡು ಹೋದಳು ಎಂದಾದರೆ ಅದು ನಂಬಿಕೆ ದ್ರೋಹ, ಹಳೆಯ ಸಂಹಿತೆಯ 406. ಮೊದಲೇ ಚೀಟಿ ಎತ್ತಿದ ಸದಸ್ಯರು ಕಂತು ನಿಲ್ಲಿಸಿದ್ದರಿಂದ ಆಕೆಯೇ ಮುಳುಗಿ, ಸಾಲಗಾರರಿಗೆ ಹೆದರಿ ಊರು ಬಿಟ್ಟಿರಲೂಬಹುದು. ಆಗಲೂ ನೋಂದಣಿ ಇಲ್ಲದೆ ಚೀಟಿ ನಡೆಸಿದ್ದು ಅಪರಾಧವೇ, ಆದರೆ ವಂಚನೆ ಸಾಬೀತಾಗುವುದು ಕಷ್ಟ.

ಈ ವ್ಯತ್ಯಾಸ ಯಾಕೆ ಹೇಳುತ್ತಿದ್ದೇನೆ ಅಂದರೆ, ದೂರುಗಳಲ್ಲಿ ವಂಚನೆ, ನಂಬಿಕೆ ದ್ರೋಹ ಎರಡನ್ನೂ ಕಣ್ಣುಮುಚ್ಚಿ ಒಟ್ಟಿಗೆ ಬರೆಯುವ ರೂಢಿ ಇದೆ. ಒಂದೇ ವ್ಯವಹಾರದ ಮೇಲೆ ಎರಡೂ ಒಟ್ಟಿಗೆ ನಿಲ್ಲುವುದಿಲ್ಲ ಎಂದು 2024ರ ಆಗಸ್ಟಿನಲ್ಲಿ ದೆಹಲಿ ರೇಸ್ ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಂಚನೆಯಲ್ಲಿ ಉದ್ದೇಶ ಮೊದಲೇ ಕೆಟ್ಟಿರುತ್ತದೆ. ನಂಬಿಕೆ ದ್ರೋಹದಲ್ಲಿ ದುಡ್ಡು ನ್ಯಾಯವಾಗಿಯೇ ಕೈಗೆ ಬಂದು ಆಮೇಲೆ ದಾರಿ ತಪ್ಪುತ್ತದೆ. ಹಾಗಾಗಿ ಪಟ್ಟಿ ಮೊದಲು, ದೂರು ಆಮೇಲೆ.

ಚೀಟಿಗಿಂತ ದೊಡ್ಡ ಮಟ್ಟದಲ್ಲಿ ನಡೆಯುವುದು ಪೋಂಜಿ ಸ್ಕೀಮು. 1920ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಚಾರ್ಲ್ಸ್ ಪೋಂಜಿ ಎಂಬುವನು ಅಂಚೆ ಕೂಪನ್ ವ್ಯಾಪಾರದಿಂದ 45 ದಿನಕ್ಕೆ 50% ಲಾಭ ಕೊಡುತ್ತೇನೆ ಎಂದ. ನಿಜವಾಗಿ ಅವನು ಹೊಸದಾಗಿ ಬಂದವರ ದುಡ್ಡನ್ನು ಹಳಬರಿಗೆ ಹಂಚುತ್ತಿದ್ದ. ಇದು ಬಲು ಅಪಾಯದ್ದು ಯಾಕೆಂದರೆ, ಮೊದಲು ಸೇರಿದವರಿಗೆ ನಿಜಕ್ಕೂ ದುಡ್ಡು ಬರುತ್ತದೆ. ಅವರು ಸುಳ್ಳು ಹೇಳದೆಯೇ ನೆಂಟರಿಷ್ಟರನ್ನೆಲ್ಲ ಸೇರಿಸುತ್ತಾರೆ. ಜನರಿಂದ ಹೂಡಿಕೆ ಸಂಗ್ರಹಿಸಿದ್ದ ಐಎಂಎ ಎಂಬ ಕಂಪನಿಯ ಬೆಂಗಳೂರಿನ ಶಿವಾಜಿನಗರದ ಕಚೇರಿ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಸಾವಿರಾರು ಜನ ದೂರು ಕೊಡಲು ಸಾಲುಗಟ್ಟಿ ನಿಂತರು. ಬಡ್ಡಿ ಬೇಡ, ಧರ್ಮಕ್ಕೆ ಒಪ್ಪುವ ಲಾಭ ಇರಲಿ ಎಂದು ಬಯಸಿದ ಸಾಮಾನ್ಯ ಕುಟುಂಬಗಳೇ ಅಲ್ಲಿ ಹೆಚ್ಚಾಗಿದ್ದವು. ದುರಾಸೆಗೆ ಬಿದ್ದರು ಎಂದು ಅವರನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ. ಅಂಥ ಕಂಪನಿಗಳ ಆಸ್ತಿ ಜಪ್ತಿ ಮಾಡಿ ಠೇವಣಿದಾರರಿಗೆ ಹಂಚಲು ಕರ್ನಾಟಕದಲ್ಲಿ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಇದೆ, 2019ರಿಂದ ಕೇಂದ್ರದ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯೂ ಇದೆ. ಇವುಗಳಡಿ ದುಡ್ಡು ನಿಧಾನವಾಗಿ, ಸ್ವಲ್ಪ ಸ್ವಲ್ಪವಾಗಿ ಬರುತ್ತದೆ. ಅರ್ಜಿ ಹಾಕದವರಿಗೆ ಅದೂ ಬರುವುದಿಲ್ಲ.

ಕಂಪನಿಯ ಲೆಕ್ಕದಲ್ಲೇ ಸುಳ್ಳು ಬರೆಯುವುದು ಇನ್ನೊಂದು ಬಗೆ. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪನಿಯ ಮುಖ್ಯಸ್ಥರೇ ಪತ್ರ ಬರೆದು, ಬ್ಯಾಂಕಿನಲ್ಲಿ ಇಲ್ಲದ ಸಾವಿರಾರು ಕೋಟಿ ರೂಪಾಯಿಯನ್ನು ಇದೆ ಎಂದು ತೋರಿಸಿದ್ದಾಗಿ ಒಪ್ಪಿಕೊಂಡರು. 2013ರ ಕಂಪನಿ ಕಾಯ್ದೆಯ 447ನೇ ಸೆಕ್ಷನ್ ಇಂಥದ್ದಕ್ಕೆ 10 ವರ್ಷದವರೆಗೆ ಶಿಕ್ಷೆ ಇಟ್ಟಿದೆ. ಅಲ್ಲಿ ಯಾರಿಗೂ ನಷ್ಟವಾಗದಿದ್ದರೂ ವಂಚನೆ ವಂಚನೆಯೇ. ಕೋರ್ಟಿಗೇ ಮುಖ್ಯ ಪತ್ರ ಮುಚ್ಚಿಟ್ಟು ಡಿಕ್ರಿ, ಅಂದರೆ ದಾವೆಯ ತೀರ್ಮಾನದ ಆದೇಶ ಪಡೆದರೆ ಆ ಡಿಕ್ರಿಗೆ ಬೆಲೆಯೇ ಇಲ್ಲ ಎಂದು ಚೆಂಗಲ್ವರಾಯ ನಾಯ್ಡು ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹೆಣ್ಣುಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಬರೆಸಿ ಪಾಲು ವಿಭಾಗದ ಡಿಕ್ರಿ ಮಾಡಿಸಿಕೊಳ್ಳುವ ಕುಟುಂಬಗಳು ಈ ತೀರ್ಪನ್ನು ತಿಳಿದಿರಬೇಕು.

ಮಗನಿಗೆ ಆದದ್ದರಲ್ಲಿ ಮಾತ್ರ ಅನುಮಾನವೇ ಇಲ್ಲ. ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ಎಲ್ಲ ಸುಳ್ಳು. ಮೊದಲು ಕೊರಿಯರ್ ಕಂಪನಿಯ ಹೆಸರಲ್ಲಿ ಫೋನು ಬರುತ್ತದೆ, ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು. ಅಲ್ಲಿಂದ ‘ಮುಂಬೈ ಪೊಲೀಸ’ರಿಗೆ ಕರೆ ವರ್ಗ. ಆಮೇಲೆ ವಿಡಿಯೊ ಕಾಲ್. ಹಿಂದೆ ಠಾಣೆಯ ಥರದ ಗೋಡೆ, ಎದುರಿಗೆ ಸಮವಸ್ತ್ರ. ‘ಡಿಜಿಟಲ್ ಅರೆಸ್ಟ್ ಆಗಿದೆ, ಕ್ಯಾಮೆರಾ ಆಫ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ’ ಅನ್ನುತ್ತಾರೆ. ಕೊನೆಗೆ ‘ನಿಮ್ಮ ದುಡ್ಡು ಪರಿಶೀಲನೆಗೆ ಈ ಖಾತೆಗೆ ಹಾಕಿ, ವಾಪಸ್ ಬರುತ್ತದೆ’. ಮನೆಯವರಿಗೆ ಹೇಳಬೇಡಿ ಅನ್ನೋದೇ ಇದರ ಜೀವಾಳ. ಪಕ್ಕದಲ್ಲಿ ಒಬ್ಬರಿದ್ದು ‘ಫೋನಿಡು’ ಅಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ದಯವಿಟ್ಟು ಮಗನನ್ನು ಬೈಯಬೇಡಿ. ಹೆದರಿದ ಮನುಷ್ಯನ ಬುದ್ಧಿ ಓಡದ ಹಾಗೆ ನೋಡಿಕೊಳ್ಳುವುದೇ ಅವರ ಕಸುಬು.

ಇದಕ್ಕೆ 318ರ ಜೊತೆಗೆ ಇನ್ನೊಬ್ಬರಂತೆ ನಟಿಸಿ ವಂಚಿಸುವ 319ನೇ ಸೆಕ್ಷನ್ ಮತ್ತು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಡಿ ಸೇರುತ್ತವೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಆಗಿದೆಯಾ? ಆಗಿಲ್ಲದಿದ್ದರೆ ತಿಂಗಳಾದರೂ ಸರಿ, ಈಗಲೇ ಮಾಡಿ. ಜಿಲ್ಲೆಯ ಸೆನ್ ಠಾಣೆಯಲ್ಲೂ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆಯಲ್ಲೂ ದೂರು ಕೊಡಿ. ಈ ದುಡ್ಡು ಗಂಟೆಗಳಲ್ಲೇ ಒಂದು ಖಾತೆಯಿಂದ ಹತ್ತಾರು ಖಾತೆಗಳಿಗೆ ಹಂಚಿಹೋಗುತ್ತದೆ. ದೂರು ಬೇಗ ಆದಷ್ಟೂ ದಾರಿಯಲ್ಲೇ ತಡೆಹಿಡಿಯುವ ಮೊತ್ತ ಜಾಸ್ತಿ. ಹಾಗೆ ತಡೆದ ದುಡ್ಡು ತಾನಾಗಿ ವಾಪಸ್ ಬರುವುದಿಲ್ಲ. ಎಷ್ಟು ತಡೆಯಲಾಗಿದೆ ಎಂದು ಠಾಣೆಯಲ್ಲಿ ಕೇಳಿ, ಬಿಡುಗಡೆಗೆ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬೇಕಾಗುತ್ತದೆ. ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ, ಗ್ರಾಹಕರ ಒಪ್ಪಿಗೆ ಇಲ್ಲದೆ ಹೊರಗಿನವರು ಖಾತೆಯಿಂದ ಎಳೆದ ದುಡ್ಡನ್ನು 3 ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ಆದರೆ ಮಗ ತಾನೇ ಪಿನ್ ಹಾಕಿ ಕಳಿಸಿರುವುದರಿಂದ ಆ ನಿಯಮ ಇಲ್ಲಿ ಸುಲಭಕ್ಕೆ ಕೈಹಿಡಿಯುವುದಿಲ್ಲ. ‘ಹೋದ ದುಡ್ಡು ವಾಪಸ್ ಕೊಡಿಸ್ತೀವಿ, ಮೊದಲು ಫೀಸು ಕಟ್ಟಿ’ ಎಂದು ಇನ್ನು ಮುಂದೆ ಫೋನುಗಳು ಬರಬಹುದು. ಅದು ಎರಡನೇ ಸುತ್ತಿನ ಮೋಸ.

ಈಗ ದೂರು ಬರೆಯುವ ಬಗ್ಗೆ. ‘ನಮಗೆ ಮೋಸ ಮಾಡಿದ್ದಾರೆ, ನ್ಯಾಯ ಕೊಡಿಸಿ’ ಎಂದು ಎರಡು ಪುಟ ಬರೆದರೆ ಅದು ಸಿವಿಲ್ ಎಂದೇ ಓದಿಸಿಕೊಳ್ಳುತ್ತದೆ. ತಾರೀಖಿನ ಪ್ರಕಾರ ಬರೆಯಿರಿ. ದುಡ್ಡು ಕೊಡುವ ಮೊದಲು ಅವರು ಏನು ಹೇಳಿದರು, ಯಾರ ಎದುರು ಹೇಳಿದರು, ಅದು ಸುಳ್ಳೆಂದು ಅವರಿಗೆ ಆಗಲೇ ಗೊತ್ತಿತ್ತು ಅನ್ನಲು ಏನು ದಾಖಲೆ ಇದೆ, ನೀವು ಯಾವ ದಿನ ಹೇಗೆ ದುಡ್ಡು ಕೊಟ್ಟಿರಿ. ಸೈಟಿನ ದೂರಾದರೆ ಅಡಮಾನದ ತಾರೀಖು ಮತ್ತು ಕ್ರಯದ ತಾರೀಖು ಎರಡನ್ನೂ ಮೊದಲ ಪುಟದಲ್ಲೇ ಹಾಕಿ. ಅಡಮಾನ ಮೊದಲು, ‘ಸಾಲ ಇಲ್ಲ’ ಎಂದು ಬರೆದದ್ದು ಆಮೇಲೆ. ಇಷ್ಟು ಕಂಡ ಮೇಲೆ ಯಾವ ಅಧಿಕಾರಿಗೂ ಇದನ್ನು ಬರೀ ಸಿವಿಲ್ ಅನ್ನುವುದು ಕಷ್ಟ. ಸಿವಿಲ್ ದಾವೆಯಲ್ಲೂ ಇದೇ ನಿಯಮ. ವಂಚನೆಯ ವಿವರ, ದಿನಾಂಕ ಬರೆಯದೆ ಬರೀ ‘ವಂಚನೆ’ ಎಂದರೆ ಕೋರ್ಟು ಕಿವಿಗೊಡುವುದಿಲ್ಲ.

ವಾಟ್ಸಾಪ್ ಮಾತು, ಕಾಲ್ ರೆಕಾರ್ಡ್, ಬ್ಯಾಂಕ್ ಮೆಸೇಜು ಯಾವುದನ್ನೂ ಅಳಿಸಬೇಡಿ. ಸ್ಕ್ರೀನ್‌ಶಾಟ್ ಇದ್ದರೆ ಸಾಕು ಎಂದು ಫೋನ್ ಮಾರಬೇಡಿ. ಇಂಥ ಸಾಕ್ಷಿಯ ಜೊತೆ 2023ರ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕಾಗುತ್ತದೆ, ಅದಕ್ಕೆ ಮೂಲ ಫೋನ್ ಇದ್ದರೆ ಒಳ್ಳೆಯದು.

ಅಷ್ಟಾದರೂ ಠಾಣೆಯಲ್ಲಿ ಸೈಟಿನ ದೂರು ತೆಗೆದುಕೊಳ್ಳದಿದ್ದರೆ ಜಗಳ ಬೇಡ. ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರಹದಲ್ಲಿ ಅಂಚೆ ಮೂಲಕ ಕಳಿಸಿ, ರಸೀದಿ ಇಟ್ಟುಕೊಳ್ಳಿ. ದೂರು, ತನಿಖೆಯ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 173(4) ಆ ಹಕ್ಕನ್ನು ಕೊಟ್ಟಿದೆ. ಅಲ್ಲೂ ಆಗದಿದ್ದರೆ 175(3)ರ ಅಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ ತನಿಖೆಗೆ ಆದೇಶ ಕೇಳಬಹುದು. ಅರ್ಜಿಯ ಜೊತೆ ನಿಮ್ಮ ಅಫಿಡವಿಟ್ ಇರಬೇಕು. ಠಾಣೆಗೂ ಎಸ್‌ಪಿಗೂ ಮೊದಲೇ ದೂರು ಕೊಟ್ಟಿದ್ದೀರಿ ಅನ್ನೋದಕ್ಕೆ ಆ ಅಂಚೆ ರಸೀದಿ ಮತ್ತು ಠಾಣೆಯ ಸ್ವೀಕೃತಿಯನ್ನು ಅದಕ್ಕೆ ಲಗತ್ತಿಸಿ.